ಕರೆಯದೆ ಬರುವವರ ಹಬ್ಬ

ಗ್ರಾತ್ಸ್, ಆಸ್ಟ್ರಿಯಾ
12 ನವೆಂಬರ್ 2005

ಕೂಮ ಸ್ರೆತೆನ್,

ಆರು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು, ಆದರೆ ನೀನು ಮಾತಿನ ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿದು ಹಾಕುವ ಮೊದಲು ಒಮ್ಮೆಯಾದರೂ ಓದುತ್ತೀಯ ಎಂಬ ಧೈರ್ಯ.

ಜುಲೈನಲ್ಲಿ ಅಪ್ಪನ ಪೆಟ್ಟಿಗೆಗೆ ನಾನು ಮುಂದೆ, ನೀನು ಹಿಂದೆ ಹೆಗಲು ಕೊಟ್ಟೆವು. ಒಂದು ಮಾತೂ ಆಡಲಿಲ್ಲ. ಮಣ್ಣು ಮುಗಿಸಿ ತಿರುಗಿ ನೋಡುವಷ್ಟರಲ್ಲಿ ನೀನು ಹೊರಟುಹೋಗಿದ್ದೆ.

ಅಪ್ಪ ಹೋದ ಮೇಲೆ ಸ್ಲಾವ, ನಮ್ಮ ಮನೆಯ ಸಂತನ ಹಬ್ಬ, ನನ್ನ ಪಾಲಿಗೆ ಬಂತು. ಇಷ್ಟು ವರ್ಷ ಚಾಚಕ್‌ನಲ್ಲಿ ಅಪ್ಪ ಹಚ್ಚುತ್ತಿದ್ದ ಮೇಣದಬತ್ತಿಯನ್ನು ಈ ಸಲ ಅಕ್ಟೋಬರ್ 31ಕ್ಕೆ, ಸಂತ ಲೂಕನ ದಿನ, ಇಲ್ಲಿ ನಾಲ್ಕನೇ ಮಹಡಿಯಲ್ಲಿ ನಾನು ಹಚ್ಚಿದೆ. ನನ್ನವಳು ರೂಜಿತ್ಸ ಎರಡು ದಿನ ಒಲೆ ಬಿಟ್ಟು ಕದಲಲಿಲ್ಲ. ಗೋಧಿ ಬೇಯಿಸಿ, ರುಬ್ಬಿ, ಆಕ್ರೋಟ ಸಕ್ಕರೆ ಕಲಸಿ ಮೇಲೆ ಶಿಲುಬೆ ಬರೆದಳು. ಎಲೆಕೋಸಿನ ಸುರುಳಿಗಳು ಒಂದು ದೊಡ್ಡ ಪಾತ್ರೆ, ಹುರಿದ ಹಂದಿಮಾಂಸ, ಕುಡಿಯಲು ನಿಮ್ಮ ಕಡೆಯದೇ ಹಣ್ಣಿನ ಸಾರಾಯಿ, ರಾಕಿಯಾ. ನಾನು ಕೆಲಸಕ್ಕೆ ರಜೆ ಹಾಕಿ, ಕೋಟು ತೊಟ್ಟು, ಮಧ್ಯಾಹ್ನದಿಂದ ಬಾಗಿಲ ಬಳಿ ನಿಂತೆ. ಸ್ಲಾವದ ದಿನ ಮನೆಯ ಯಜಮಾನ ಕೂರಬಾರದಲ್ಲ, ನಿಂತೇ ಇದ್ದೆ. ಅಪ್ಪನಿಗಾದರೆ ನೀನು ಪ್ರತಿವರ್ಷ "ಕೂತ್ಕೊಳಪ್ಪ, ಸಂತ ಈಗ ಆ ಕಡೆ ನೋಡ್ತಿದ್ದಾನೆ" ಎನ್ನುತ್ತಿದ್ದೆ. ನನಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ.

ಯಾಕೆಂದರೆ ಯಾರೂ ಬರಲೇ ಇಲ್ಲ.

ನಾನು ಕರೆದಿರಲಿಲ್ಲ ನಿಜ. ಸ್ಲಾವಕ್ಕೆ ಯಾರಾದರೂ ಕರೆಯುತ್ತಾರೆಯೇ? ಟ್ರಾಮ್ ವರ್ಕ್‌ಶಾಪಿನಲ್ಲಿ "ಸೋಮವಾರ ನಮ್ಮನೇಲಿ ಸ್ಲಾವ" ಎಂದು ನಾಲ್ಕಾರು ಜನರ ಕಿವಿಗೆ ಹಾಕಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಕತ್ತಲಾಗುವ ಹೊತ್ತಿಗೆ ಬಾಗಿಲ ಬೆಲ್ ಬಾರಿಸಿತು. ರೂಜಿತ್ಸ ಕೂದಲು ಸರಿಮಾಡಿಕೊಂಡಳು. ಬಾಗಿಲು ತೆಗೆದರೆ ಒಂದು ಅಸ್ಥಿಪಂಜರ, ಇಬ್ಬರು ಮಾಟಗಾತಿಯರು, ಬಿಳಿ ದುಪ್ಪಟಿ ಹೊದ್ದ ಇನ್ನೊಂದು ಮಗು. ಆ ದಿನ ಇಲ್ಲಿ ಮಕ್ಕಳು ಭೂತದ ವೇಷ ಹಾಕಿ ಮನೆಮನೆಗೂ ಮಿಠಾಯಿ ಕೇಳಲು ಬರುತ್ತಾರೆ. ಮಿಠಾಯಿ ಇರಲಿಲ್ಲ. ಸ್ಲಾವಕ್ಕೆ ಬಂದವರಿಗೆ ಕೊಡುವ ಹಾಗೆ ಒಬ್ಬೊಬ್ಬರಿಗೂ ಒಂದು ಚಮಚ ಗೋಧಿ ಕೊಟ್ಟೆ. ಅಸ್ಥಿಪಂಜರ ಇನ್ನೊಂದು ಚಮಚ ಕೇಳಿತು. ಮಾಟಗಾತಿಯೊಬ್ಬಳು ಕರವಸ್ತ್ರಕ್ಕೆ ಉಗಿದಳು. ಈ ವರ್ಷದ ನೆಂಟರು ಅವರೇ.

ಮಾರನೇ ದಿನ ಮೆಟ್ಟಿಲ ಮೇಲೆ ಪಕ್ಕದ ಮನೆಯ ಐಗ್ನರ್ ಸಿಕ್ಕರು. ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು.

"ನಿನ್ನೆ ನಿಮ್ಮನೇಲಿ ದೊಡ್ಡ ಊಟ ಇತ್ತು ಅಂತ ಕಾಣುತ್ತೆ. ಮೆಟ್ಟಿಲೆಲ್ಲ ಘಮಘಮ ಅಂತಿತ್ತು."

"ಇತ್ತು. ನೀವ್ಯಾಕೆ ಬರ್ಲಿಲ್ಲ?"

"ನೀವು ಕರೀಲಿಲ್ವಲ್ಲ."

"ಅದು ನಮ್ಮ ಮನೆಯ ಸಂತನ ದಿನ. ಅಪ್ಪನಿಂದ ಮಗನಿಗೆ ಬರೋದು. ಅದಕ್ಕೆ ಕರೆಯೋ ಪದ್ಧತಿ ಇಲ್ಲ. ಒಬ್ಬರನ್ನ ಕರೆದ್ರೆ ಇನ್ನೊಬ್ಬರನ್ನ ಬೇಡ ಅಂದಹಾಗೆ ಆಗಲ್ವಾ? ಬಾಗಿಲು ತೆಗೆದಿರುತ್ತೆ, ಬರೋರು ಬರ್ತಾರೆ."

ಐಗ್ನರ್, "ನಾನೂ ನಮ್ಮನೆಯವಳೂ ಟೀವಿ ಮುಂದೆ ಕೂತು, ಇಷ್ಟು ವರ್ಷದ ಪರಿಚಯ, ನಮ್ಮನ್ನ ಬಿಟ್ಟೇಬಿಟ್ರಲ್ಲ ಅಂತ ಬೇಜಾರು ಮಾಡ್ಕೊಂಡ್ವಿ" ಅಂದರು. ಗೋಡೆಯ ಈಚೆ ನಾವು, ಆಚೆ ಅವರು, ಒಂದೇ ಊಟಕ್ಕೆ ಕೊರಗಿದ್ದೆವು.

ಒಳಗೆ ಕರೆದು ಉಳಿದದ್ದನ್ನು ಬಡಿಸಿದೆ. ಮೇಜಿನ ತಲೆಯ ಕುರ್ಚಿ ಯಾಕೆ ಖಾಲಿ ಎಂದು ಕೇಳಿದರು. ಕೂಮನದು ಅಂದೆ. ಮದುವೆಯಲ್ಲಿ ಪಕ್ಕ ನಿಂತು ಸಾಕ್ಷಿಯಾದವನು, ಮಗಳಿಗೆ ಹೆಸರಿಟ್ಟವನು ಅಂದೆ.

"ಅಂದ್ರೆ ಸ್ನೇಹಿತ."

"ಅಲ್ಲ. ಅಣ್ಣತಮ್ಮಂದಿರು ಹುಟ್ಟಿನಿಂದ ಗಂಟು ಬೀಳ್ತಾರೆ. ಕೂಮನನ್ನ ನಾವಾಗಿ ಆರಿಸ್ಕೊಳ್ಳೋದು."

ಇಷ್ಟು ಹೇಳಬೇಕಿತ್ತು.

ನಿನ್ನ
ತಿಹೋಮಿರ್


ಚಾಚಕ್, ಸರ್ಬಿಯಾ
9 ಡಿಸೆಂಬರ್ 2005

ಕೂಮ ತಿಹೋಮಿರ್,

ಹರಿದು ಹಾಕಬೇಕೆಂದೇ ಲಕೋಟೆ ಒಡೆದೆ. ನಮ್ಮನೆಯವಳು ಸ್ತಾನಾ ನನ್ನ ಕೈಯಿಂದ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. ಅಸ್ಥಿಪಂಜರ ಇನ್ನೊಂದು ಚಮಚ ಕೇಳಿದ ಕಡೆ ನನಗೆ ನಗು ತಡೆಯಲಾಗದೆ ಕೆಮ್ಮು ಹತ್ತಿಕೊಂಡಿತು. ಈಚೆಗೆ ನಕ್ಕರೆ ಕೆಮ್ಮು ಬರುತ್ತದೆ.

ಹನ್ನೊಂದು ವರ್ಷ ಅವರ ನೀರು ಕುಡಿದೂ ಇಷ್ಟು ತಿಳಿಯಲಿಲ್ಲವೇ ನಿನಗೆ? ಹೆತ್ತ ತಾಯಿಯ ಮನೆಗೂ ಮೊದಲೇ ಹೇಳಿ ಹೋಗುವ ಜನ ಅವರು.

1999ರ ಆ ಫೋನನ್ನು ನಾನು ಮರೆತಿಲ್ಲ, ನೀನೂ ಮರೆತಿರಲಾರೆ. ಪಶ್ಚಿಮದವರ ವಿಮಾನಗಳು ನಮ್ಮೂರ ಕಾರ್ಖಾನೆಯ ಮೇಲೆ ಬಾಂಬು ಹಾಕಿದ ವಾರ. ನಾನು ಅಡುಗೆಮನೆಯ ಗಾಜಿನ ಚೂರು ಗುಡಿಸುತ್ತಿದ್ದೆ. ನೀನು ಗ್ರಾತ್ಸ್‌ನಿಂದ ಫೋನು ಮಾಡಿ, "ಬಾಂಬು ಹಾಕದೆ ಬೇರೆ ದಾರಿ ಇರಲಿಲ್ಲ ಅಂತ ಇಲ್ಲಿ ಜನ ಹೇಳ್ತಾರೆ ಕೂಮ" ಅಂದೆ. ಅವರು ಹಾಗೆ ಹೇಳಿದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ಅದನ್ನು ಹೊತ್ತು ತಂದು ನನ್ನ ಕಿವಿಗೆ ಹಾಕಲು ನೀನೇ ಬೇಕಾಯಿತೇ ಎಂದು ಸಿಟ್ಟು ಬಂತು. ಇಂದಿಗೂ ಇದೆ. ಬರೆದೆ, ಸ್ವಲ್ಪ ಹಗುರವಾಯಿತು.

ಅಕ್ಟೋಬರ್ 31ರಂದು ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡೆ. ನಿಮ್ಮಪ್ಪನ ಮನೆಗೆ ಪ್ರತಿವರ್ಷ ಮೊದಲು ಕಾಲಿಡುತ್ತಿದ್ದವನು ನಾನಲ್ಲವೇ, ನೀನು ಊರು ಬಿಟ್ಟ ಮೇಲೂ ತಪ್ಪಿಸಿರಲಿಲ್ಲ. ಸ್ತಾನಾ "ಎಲ್ಲಿಗೆ ಹೊರಟ್ರಿ? ಆ ಮನೆಗೆ ಬೀಗ ಬಿದ್ದಿದೆ" ಅಂದಳು. "ಗೊತ್ತು" ಅಂದೆ. ಕೋಟು ಹಾಕಿಕೊಂಡು ಗೇಟಿನವರೆಗೂ ಹೋದೆ. ಅಂಗಳದ ದುನ್ಯಾ ಮರದ ಹಣ್ಣನ್ನು ಯಾರೂ ಕಿತ್ತಿರಲಿಲ್ಲ. ಈ ವಯಸ್ಸಿನಲ್ಲಿ ಗೋಡೆ ಹಾರಿ ಕಿತ್ತೆ. ಗ್ರಾತ್ಸ್ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ. ಮಗಳು ತನ್ನ ಹೆಸರಿನ ಹಣ್ಣನ್ನು ಬೀರುವಿನ ಮೇಲೆ ಸಾಲಾಗಿ ಇಡಲಿ, ಚಳಿಗಾಲ ಪೂರ್ತಿ ಮನೆ ಪರಿಮಳ ಬರುತ್ತದೆ. ಆ ಹೆಸರಿಟ್ಟವನು ನಾನೆಂದು ದುನ್ಯಾಗೆ ಹೇಳು.

ನಿಮ್ಮ ಐಗ್ನರ್ ಒಳ್ಳೆಯವರಿರಬೇಕು. ಇನ್ನುಳಿದವರು ನಮ್ಮ ಬಗ್ಗೆ ಏನನ್ನುತ್ತಾರೆ? ಮುಚ್ಚಿಡದೆ ಬರೆ. ಫೋನಿನಲ್ಲಿ ಮಾತ್ರ ಬೇಡ.

ಕೂಮ
ಸ್ರೆತೆನ್


ಗ್ರಾತ್ಸ್
19 ಫೆಬ್ರವರಿ 2006

ಕೂಮ ಸ್ರೆತೆನ್,

ಈ ಆರು ತಿಂಗಳು ಯುರೋಪಿನ ಒಕ್ಕೂಟದ ಅಧ್ಯಕ್ಷತೆ ಈ ದೇಶದ್ದು. ಊರ ತುಂಬ ನೀಲಿ ಬಾವುಟ, ಹಳದಿ ನಕ್ಷತ್ರ. ಹಾಗಾಗಿ ವರ್ಕ್‌ಶಾಪಿನಲ್ಲಿ ಊಟದ ಹೊತ್ತಿಗೆ ಅದೇ ಮಾತು ಬಂತು. ನೀನು ಕೇಳಿದ್ದರಿಂದ ಮುಚ್ಚಿಡದೆ ಬರೆಯುತ್ತೇನೆ.

ನಮ್ಮ ಹಾನೆಸ್, ಚಕ್ರ ಜೋಡಿಸುವವನು, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಹೇಳಿದ: "ನಾನು ಮೊದಲು ಈ ಸ್ಟೈರಿಯಾ ಪ್ರಾಂತದವನು. ಆಸ್ಟ್ರಿಯಾದವನಾಗೋದು ಸ್ಕೀ ಪಂದ್ಯ ಇದ್ದ ದಿನ ಮಾತ್ರ. ಯುರೋಪ್ ಅಂದ್ರೆ ನನ್ನ ಜೇಬಲ್ಲಿರೋ ನೋಟು, ಅದೂ ತಿಂಗಳ ಕೊನೇಲಿ ಇರಲ್ಲ."

ವೆರೇನಾ ಎಂಬ ಎಂಜಿನಿಯರ್ ಹುಡುಗಿ ಇದ್ದಾಳೆ. ಅವಳು, "ನಾನು ಯುರೋಪಿನವಳು, ಅಷ್ಟೇ. ಅಜ್ಜಿ ಸ್ಲೊವೇನಿಯಾದವಳು, ಗೆಳೆಯ ಪೋರ್ಚುಗಲ್‌ನವನು. ದೇಶದ ಬಾವುಟ ಕಂಡ್ರೆ ನನಗೆ ಭಯ. ನಮ್ಮ ತಾತ ಬಾವುಟದ ಹಿಂದೆ ಹೋಗಿ ಎಲ್ಲೆಲ್ಲಿ ಏನೇನು ಮಾಡಿದ್ರೋ, ಮನೇಲಿ ಇವತ್ತಿಗೂ ಯಾರೂ ಬಾಯಿ ಬಿಡಲ್ಲ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಯುರೋಪಿನವರೇ ತಾನೆ ತಿಹೋಮಿರ್?" ಎಂದು ಕೇಳಿದಳು.

"ನಮ್ಮೂರು ಇಲ್ಲಿಂದ ಒಂದು ರಾತ್ರಿಯ ಬಸ್ಸು" ಅಂದೆ.

"ಹಾಗಾದ್ರೆ ಯುರೋಪ್ ಎಲ್ಲಿಗೆ ಮುಗಿಯುತ್ತೆ?"

"ಬಸ್ ನಿಲ್ಲಿಸಿ, ಗಂಟುಮೂಟೆ ಸಮೇತ ಎಲ್ಲರನ್ನೂ ಕೆಳಗಿಳಿಸ್ತಾರಲ್ಲ, ಅಲ್ಲಿಗೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. "ನಿಮ್ಮ ದೇಶದ ಬಗ್ಗೆ ನಿಮಗೆ ಹೆಮ್ಮೆ ಇದೆಯಾ?" ಎಂದು ಕೇಳಿದಳು. ನಿನಗಾದರೆ ಹೇಳಬಹುದು ಕೂಮ. ನಮ್ಮವರನ್ನು ಇವರು ಬೈದರೆ ಮೈ ಉರಿಯುತ್ತದೆ. ನಮ್ಮವರು ಎದೆ ತಟ್ಟಿಕೊಂಡರೂ ಉರಿಯುತ್ತದೆ. ನಮ್ಮ ಕಡೆಯಿಂದ ನಡೆದದ್ದನ್ನು ನೆನೆದರೆ ತಲೆ ತಗ್ಗುತ್ತದೆ. ಇದಕ್ಕೆಲ್ಲ ಸೇರಿ ಏನು ಹೆಸರೋ ನನಗೆ ತಿಳಿಯದು. "ನಮ್ಮ ಎಲೆಕೋಸಿನ ಬಗ್ಗೆ ಹೆಮ್ಮೆ ಇದೆ" ಅಂದುಬಿಟ್ಟೆ.

ಇನ್ನೊಂದು ವಿಷಯ. ಹೇಳದೆ ಮಾಡಿದರೆ ನಿನಗೆ ಇನ್ನೂ ನೋವು. ಕಳೆದ ವಸಂತದಲ್ಲಿ ದುನ್ಯಾಳ ತರಗತಿಯವರೆಲ್ಲ ಲಂಡನ್ನಿಗೆ ಹೋದರು. ಅವಳಿಗೆ ವೀಸಾ ಸಮಯಕ್ಕೆ ಬರಲಿಲ್ಲ. ಆ ವಾರವೆಲ್ಲ ಅವಳನ್ನು ಕೆಳಗಿನ ತರಗತಿಯ ಮಕ್ಕಳ ಜೊತೆ ಕೂರಿಸಿದರು. ಮನೆಗೆ ಬಂದು ಅಳಲೂ ಇಲ್ಲ. ಮುಂದಿನ ತಿಂಗಳೇ ನಾನು ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿದೆ. ಕೊಡುತ್ತಾರಂತೆ. ಆದರೆ ನಮ್ಮ ದೇಶದ್ದನ್ನು ಬಿಟ್ಟುಕೊಡಬೇಕು, ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಬಿಡುಗಡೆ ಪತ್ರಕ್ಕೆ ಬರೆದಿದ್ದೇನೆ.

ನಿನ್ನ
ತಿಹೋಮಿರ್


ಚಾಚಕ್
14 ಮಾರ್ಚ್ 2006

ತಿಹೋಮಿರ್,

ಹೊಳೆ ದಾಟಿದವನಿಗೆ ಅಂಬಿಗನ ಹಂಗೇಕೆ.

ಸ್ಲಾವ ಎಲ್ಲಿಯೋ ಸರ್ಬಿಯದವನು ಅಲ್ಲಿ ಎಂದು ನಮ್ಮ ಹಿರಿಯರ ಮಾತು. ಇನ್ನು ಮುಂದೆ ನಿಮ್ಮಪ್ಪನ ಮೇಣದಬತ್ತಿ ಹಚ್ಚುವವನು ಯಾರು, ಆಸ್ಟ್ರಿಯಾದವನೇ? ಮದುವೆಯಲ್ಲಿ ನಿನ್ನ ಪಕ್ಕ ನಿಂತು ಸಾಕ್ಷಿ ಹೇಳಿದೆ. ಯಾರ ಪರವಾಗಿ ಹೇಳಿದೆ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಮಗುವಿನ ವಿಷಯ ಅರ್ಥವಾಗುತ್ತದೆ. ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿ ಬೈದು ನಿದ್ದೆ ಮಾಡುತ್ತಿದ್ದೆ.

ಸ್ರೆತೆನ್

ಹಣ್ಣು ತಲುಪಿತೋ ಇಲ್ಲವೋ ನೀನು ಬರೆಯಲಿಲ್ಲ.


ಗ್ರಾತ್ಸ್
18 ಜೂನ್ 2006

ಕೂಮ ಸ್ರೆತೆನ್,

ನೀನು ಕೂಮ ಎನ್ನದಿದ್ದರೂ ನಾನು ಬಿಡುವವನಲ್ಲ.

ಹಣ್ಣು ತಲುಪಿತ್ತು. ಕೊನೆಯದೊಂದು ಒಣಗಿ ಸುಕ್ಕಾಗಿ ಇನ್ನೂ ಬೀರುವಿನ ಮೇಲಿದೆ. ದುನ್ಯಾ ಎಸೆಯಲು ಬಿಡುತ್ತಿಲ್ಲ.

ನನ್ನ ಬಿಡುಗಡೆ ಪತ್ರ ಬಂತು. ಅದು ಬಂದು ಕೆಲವೇ ದಿನಕ್ಕೆ, ನಮ್ಮ ಜೊತೆ ಒಂದೇ ದೇಶವಾಗಿದ್ದ ಮಾಂಟೆನೀಗ್ರೊದವರು ಬೇರೆ ಹೋದರು. ನಾನು ಬಿಟ್ಟ ದೇಶವೇ ಇಲ್ಲವಾಯಿತು. ಎತ್ತು ಏರಿಗೆ, ಕೋಣ ನೀರಿಗೆ ಎಂದು ನೀನು ಮೊದಲಿಂದಲೂ ಹೇಳುತ್ತಿದ್ದೆ. ಮೊನ್ನೆ ಆ ಇಲ್ಲದ ದೇಶದ ತಂಡ ವಿಶ್ವಕಪ್ಪಿನಲ್ಲಿ ಆರು ಗೋಲು ತಿಂದಿತು. ವರ್ಕ್‌ಶಾಪಿನಲ್ಲಿ ಎಲ್ಲರೂ ಟೀವಿ ನೋಡುತ್ತಿದ್ದೆವು. ಹಾನೆಸ್ ತಮಾಷೆಗೇ ಕೇಳಿದ: "ಈಗ ಸೋತಿದ್ದು ಯಾವ ದೇಶ ತಿಹೋಮಿರ್?" ನಾನು ಕೈ ತೊಳೆಯುವ ನೆಪ ಮಾಡಿ ಎದ್ದು ಹೋಗಿ ಅತ್ತೆ. ಐವತ್ತೆರಡು ವರ್ಷದ ಗಂಡಸು, ಫುಟ್‌ಬಾಲಿಗೆ. ವೆರೇನಾ ಕೇಳಿದ್ದಕ್ಕೆ ಇದೇ ಉತ್ತರವಿರಬಹುದು.

ನಿನ್ನ ಪ್ರಶ್ನೆಗೂ ಉತ್ತರ ಇದೆ. ಮೇಣದಬತ್ತಿ ಹಚ್ಚುವವನು ನಮ್ಮಪ್ಪನ ಮಗ. ನನ್ನ ಮದುವೆಯಲ್ಲಿ ನೀನು ಸಾಕ್ಷಿ ಹೇಳಿದ್ದೂ ಅವನ ಪರವಾಗಿಯೇ, ಯಾವ ದೇಶದ ಪರವಾಗಿಯೂ ಅಲ್ಲ.

ಕರೆಯುವ ಪದ್ಧತಿ ಇಲ್ಲ, ನಾನು ಕರೆಯುತ್ತಿಲ್ಲ. ಅಕ್ಟೋಬರ್ 31 ಈ ವರ್ಷವೂ ಬರುತ್ತದೆ. ಬಾಗಿಲು ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟಿದೆ.

ನಿನ್ನ
ತಿಹೋಮಿರ್


ಚಾಚಕ್
17 ಸೆಪ್ಟೆಂಬರ್ 2006

ಕೂಮ ತಿಹೋಮಿರ್,

ಬೇಸಿಗೆಯೆಲ್ಲ ಬರೆಯಲಾಗಲಿಲ್ಲ. ಎದೆಯ ಫೋಟೋ ತೆಗೆಸು, ರಕ್ತ ಕೊಡು, ಅಲ್ಲಿ ಹೋಗು, ಇಲ್ಲಿ ಬಾ ಎಂದು ಡಾಕ್ಟರು ಅಲೆಸಿದರು. ಅದು ಹಾಗಿರಲಿ.

ನಾನು ಕುರ್ಚಿ ಬಿಟ್ಟು ಏಳದೆಯೇ ನಾಲ್ಕು ದೇಶಗಳಲ್ಲಿ ಬಾಳಿದೆ. ನೀನು ಎದ್ದು ಹೋಗಿ ಒಂದಕ್ಕೆ ಸೇರಿದೆ. ಇದರಲ್ಲಿ ಹೆಚ್ಚು ಕಳಕೊಂಡವರು ಯಾರು ಎಂದು ಲೆಕ್ಕ ಹಾಕಿ ಸುಸ್ತಾಗಿ ಬಿಟ್ಟುಬಿಟ್ಟೆ. ಫುಟ್‌ಬಾಲಿಗೆ ಅತ್ತೆಯಂತೆ, ಒಳ್ಳೆಯದು. ನಾನೂ ಅತ್ತೆ, ಸ್ತಾನಾ ಈರುಳ್ಳಿಯ ಮೇಲೆ ಹಾಕಿದಳು.

ನಿಮ್ಮೂರ ಮೂರ್ ನದಿ ಕೊನೆಗೆ ಡ್ಯಾನ್ಯೂಬಿಗೆ ಸೇರಿ ನಮ್ಮ ಬೆಲ್‌ಗ್ರೇಡಿನ ಮುಂದೆಯೇ ಹರಿಯುತ್ತದೆ. ಅಲ್ಲಿಂದ ಇಲ್ಲಿಗೆ ಬರಲು ಅದನ್ನು ಯಾರೂ ಏನೂ ಕೇಳುವುದಿಲ್ಲ.

ನೀನು ಕರೆಯಲಿಲ್ಲ, ಬರುತ್ತೇನೆಂದು ನಾನೂ ಹೇಳುವುದಿಲ್ಲ. ಕೋಟು ಇಸ್ತ್ರಿಗೆ ಕೊಟ್ಟಿದ್ದೇನೆ.

ಕೂಮ
ಸ್ರೆತೆನ್


ಗ್ರಾತ್ಸ್
2 ನವೆಂಬರ್ 2006

ಸ್ರೆತೆನ್,

ನೀನು ಬರಲಿಲ್ಲ.

ಕೋಟು ಇಸ್ತ್ರಿಗೆ ಕೊಟ್ಟಿದ್ದೇನೆಂದು ಬರೆದು ನನ್ನನ್ನು ಚಿಕ್ಕ ಹುಡುಗನ ಹಾಗೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಚಾಚಕ್ ಕಡೆಯ ಬಸ್ಸು ಬೆಳಿಗ್ಗೆ ಬಂತು, ಎಲ್ಲರೂ ಇಳಿದರು. ಡ್ರೈವರನ್ನು ಕೇಳಿದೆ. "ನಿಮ್ಮ ಹೆಸರಿಗೆ ಏನೂ ಇಲ್ಲ" ಅಂದ.

ಈ ಸಲ ನೆರೆಯವರಿಗಾಗಿ ಪದ್ಧತಿ ಮುರಿದೆ. ಹೆಸರು ಬರೆದು ಚೀಟಿ ಕೊಟ್ಟು ಕರೆದೆ. ಕರೆದ ಹೊತ್ತಿಗೆ ಸರಿಯಾಗಿ, ಕೈಯಲ್ಲೊಂದು ಬಾಟಲಿ ಹಿಡಿದು ಬಂದರು. ಐಗ್ನರ್ ದಂಪತಿ, ಹಾನೆಸ್, ವೆರೇನಾ. ಮನೆ ತುಂಬಿತ್ತು. ವೆರೇನಾ ಮೇಣದಬತ್ತಿ ನೋಡುತ್ತ, "ಈಗ ನೀವು ಆಸ್ಟ್ರಿಯಾದವರು. ಇದು ಯಾವ ದೇಶದ ಹಬ್ಬ ಅಂತ ಹೇಳ್ತೀರಿ?" ಎಂದಳು. "ಮನೆಯ ಹಬ್ಬ. ದೇಶ ಆಮೇಲೆ ಬಂತು" ಅಂದೆ. ಈ ಉತ್ತರವನ್ನು ನಿನ್ನೆದುರು ಹೇಳಬೇಕೆಂದು ಇಟ್ಟುಕೊಂಡಿದ್ದೆ.

ಐಗ್ನರ್ ಮೇಜಿನ ತಲೆಯ ಕುರ್ಚಿಗೆ ಕೈ ಹಾಕಿದರು. "ಅದು ಬೇಡ, ಒಬ್ಬರು ಬರೋರಿದ್ದಾರೆ" ಅಂದೆ.

"ಅವರನ್ನ ಕರೆದಿದ್ದೀರಾ?"

"ಇಲ್ಲ. ಅವನನ್ನ ಮಾತ್ರ ಕರೆಯೋದಿಲ್ಲ."

ಅವರು ಹೋಗುವವರೆಗೂ ಆ ಕುರ್ಚಿ ಹಾಗೇ ಇತ್ತು. ನನ್ನ ಹೊಸ ಪಾಸ್‌ಪೋರ್ಟು ನಿನ್ನ ಗಂಟಲಲ್ಲಿ ಇನ್ನೂ ಮುಳ್ಳಾಗಿಯೇ ಇದೆ ಎಂದಾಯಿತು. ಬರಲಾಗದು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ತಿಹೋಮಿರ್


ಚಾಚಕ್
26 ನವೆಂಬರ್ 2006

ತಮ್ಮಾ ತಿಹೋಮಿರ್,

ನಾನು ಸ್ತಾನಾ. ಇವರು ನವೆಂಬರ್ ಆರರಂದು ತೀರಿಕೊಂಡರು. ಶ್ವಾಸಕೋಶದ್ದು. ವಸಂತದಲ್ಲೇ ಡಾಕ್ಟರು ಹೇಳಿದ್ದರು, ನಿನಗೆ ಬರೆಯಕೂಡದೆಂದು ಇವರು ಕಟ್ಟಪ್ಪಣೆ ಮಾಡಿದ್ದರು. ಮಣ್ಣು ಮಾಡಿದ ದಿನ ನಿನಗೆ ಫೋನು ಮಾಡಲು ಕೈಯೇ ಬರಲಿಲ್ಲ, ಕ್ಷಮಿಸು. ಸ್ಮಶಾನದಿಂದ ಬಂದು ಬಾಗಿಲು ತೆಗೆದರೆ ನಿನ್ನ ಕಾಗದ ಬಿದ್ದಿತ್ತು. ನಾನೇ ಓದಿಕೊಂಡೆ. ನಿನ್ನ ಮೇಲೆ ನನಗೆ ಬೇಸರವಿಲ್ಲ, ಆದರೆ ನಿಜ ನಿನಗೆ ತಿಳಿಯಬೇಕು.

ಇವರು ಬೆಲ್‌ಗ್ರೇಡಿಗೆ ಎರಡು ಸಲ ಹೋಗಿದ್ದರು. ಆಸ್ಟ್ರಿಯಾದ ರಾಯಭಾರ ಕಚೇರಿಯ ಮುಂದೆ ಆ ಉಬ್ಬಸದಲ್ಲೇ ವೀಸಾಕ್ಕೆ ಕ್ಯೂ ನಿಂತಿದ್ದರು. ನಾನು ಜೊತೆಗಿದ್ದೆ. ಕಿಟಕಿಯಲ್ಲಿದ್ದವಳು ನಮ್ಮವಳೇ ಒಬ್ಬ ಹುಡುಗಿ, "ಅಲ್ಲಿಯವರು ಬರೆದ ಕರೆಯೋಲೆ ಎಲ್ಲಿ?" ಅಂದಳು.

"ಕೂಮನ ಸ್ಲಾವಕ್ಕೆ ಹೊರಟಿದ್ದೀನಮ್ಮ. ಅದಕ್ಕೆ ಯಾರೂ ಕರೆಯಲ್ಲ" ಅಂದರು ಇವರು.

ಅವಳು ದನಿ ತಗ್ಗಿಸಿ, "ನನಗೆ ಗೊತ್ತು ಅಂಕಲ್, ನಮ್ಮನೇಲೂ ಸ್ಲಾವ ಇದೆ. ಆದ್ರೆ ಕಾನೂನಿಗೆ ಅದು ಗೊತ್ತಿಲ್ವಲ್ಲ. ನಿಮ್ಮ ಕೂಮನಿಗೆ ಒಂದು ಫೋನ್ ಮಾಡಿ, ಎರಡು ಸಾಲು ಬರೆದು ಕಳಿಸ್ಲಿ" ಅಂದಳು. ತುಂಬ ಒಳ್ಳೆಯ ಹುಡುಗಿ.

ಇವರು ಮಾಡಲಿಲ್ಲ. ನಾನೇ ಬರೆಯುತ್ತೇನೆಂದರೆ ಬ್ರೆಡ್ಡು ಮುಟ್ಟಿಸಿ ಆಣೆ ಹಾಕಿಸಿಕೊಂಡರು. "ನಾನೇ ಕೇಳಿ ಕರೆಸ್ಕೊಂಡ್ರೆ ಅದು ಸ್ಲಾವ ಅಲ್ಲ ಸ್ತಾನಾ, ಭಿಕ್ಷೆ. ಅವನು ಕರೆದ್ರೆ ಅವನಿಗೂ ಅವಮಾನ. ಊರು ಬಿಟ್ಟ, ದೇಶ ಬಿಟ್ಟ, ಇದೊಂದನ್ನ ಸರಿಯಾಗಿ ಉಳಿಸ್ಕೊಂಡಿದ್ದಾನೆ. ನಾನು ಕೆಡಿಸಲ್ಲ" ಅಂದರು. ಎರಡನೇ ಸಲ ಹೋದಾಗ ನಿಮ್ಮ ಮದುವೆಯ ಫೋಟೋ, ದುನ್ಯಾಳ ನಾಮಕರಣದ ಫೋಟೋ ಕಿಟಕಿಯೊಳಗೆ ಇಟ್ಟರು. ಹುಡುಗಿ ನೋಡಿ, ಕಣ್ಣೊರೆಸಿಕೊಂಡು, ವಾಪಸ್ಸು ಕೊಟ್ಟಳು.

ಮೂವತ್ತೊಂದನೇ ತಾರೀಖು ಹಾಸಿಗೆಯಲ್ಲೇ ಗಡ್ಡ ಹೆರೆಸಿಕೊಂಡು, ಇಸ್ತ್ರಿಯ ಕೋಟು ಹಾಕಿಸಿಕೊಂಡರು. ಸಂಜೆಯಾದಾಗ ಹೇಳಿದರು: "ಈಗ ತಿಹೋಮಿರ್ ನಿಂತೇ ಇರ್ತಾನೆ. ಕಾಲು ನೋಯ್ತಿರುತ್ತೆ. ಕೂತ್ಕೊಳೋ, ಸಂತ ಆ ಕಡೆ ನೋಡ್ತಿದ್ದಾನೆ ಅಂತ ಹೇಳೋಕೆ ಯಾರಿದ್ದಾರೆ ಅಲ್ಲಿ?"

ಅದೇ ಕೋಟಿನಲ್ಲೇ ಮಣ್ಣು ಮಾಡಿದೆವು.

ನಿನ್ನ
ಸ್ತಾನಕ್ಕ


ಗ್ರಾತ್ಸ್
8 ಡಿಸೆಂಬರ್ 2006

ಸ್ತಾನಕ್ಕ,

ನಿಮ್ಮ ಕಾಗದವನ್ನು ರೂಜಿತ್ಸಳಿಗೆ ಓದಿ ಹೇಳಲು ಹೋಗಿ, ಆಗದೆ ಅವಳ ಕೈಗೇ ಕೊಟ್ಟೆ.

ಅವನಿಗೆ ವೀಸಾ ಬೇಕೆಂಬುದು ನನಗೆ ಹೊಳೆಯಲೇ ಇಲ್ಲ ಅಕ್ಕ. ಹನ್ನೊಂದು ವರ್ಷ ಅದೇ ಕ್ಯೂಗಳಲ್ಲಿ ನಿಂತವನು ನಾನು. ಆಗಸ್ಟಿನಲ್ಲಿ ಹೊಸ ಪಾಸ್‌ಪೋರ್ಟು ಕೈಗೆ ಬಂತು, ಅಕ್ಟೋಬರಿನಷ್ಟರಲ್ಲಿ ಗಡಿ ಅನ್ನುವುದೊಂದು ಇದೆ ಎಂಬುದೇ ಮರೆತಿತ್ತು. ವೆರೇನಾಳ ಹಾಗೆ ನಾನೂ ಯುರೋಪಿನವನಾಗಿಬಿಟ್ಟಿದ್ದೆ. ಬಸ್ಸಿನಿಂದ ಅವನು ಇಳಿಯಲಿಲ್ಲ ಎಂದು ಸಿಟ್ಟು ಮಾಡಿಕೊಂಡೆ. ಬಸ್ಸು ಎಲ್ಲಿ ನಿಲ್ಲುತ್ತದೆಂದು ಊಟದ ಮೇಜಿನಲ್ಲಿ ತಮಾಷೆ ಮಾಡಿದವನೂ ನಾನೇ.

ನಿನ್ನೆ ಇಲ್ಲಿಯ ಕಚೇರಿಗೆ ಹೋಗಿ ಕರೆಯೋಲೆಯ ಅರ್ಜಿ ಕೇಳಿದೆ. ಸುಮ್ಮನೆ, ಅದು ಹೇಗಿರುತ್ತದೆ ನೋಡೋಣವೆಂದು. ಒಂದೇ ಹಾಳೆ. ಕರೆಯುವವನ ಹೆಸರು, ಬರುವವನ ಹೆಸರು. ಊಟ, ವಸತಿ, ಕಾಯಿಲೆ ಬಿದ್ದರೆ ಖರ್ಚು ಎಲ್ಲ ನನ್ನದು ಎಂದು ಒಂದು ಸಹಿ. ಅಲ್ಲೇ ನಿಂತು ತುಂಬಿದೆ. ಗುಮಾಸ್ತ ನೋಡಿ, "ಇವರು ನಿಮಗೇನಾಗಬೇಕು?" ಅಂದ. ಆ ಜಾಗದಲ್ಲಿ ಕೂಮ ಎಂದು ಬರೆದಿದ್ದೆ, ಅವನಿಗೆ ತಿಳಿಯಲಿಲ್ಲ. "ಎಷ್ಟು ದಿನ ಇರ್ತಾರೆ? ಇದನ್ನ ಖಾಲಿ ಬಿಟ್ಟಿದ್ದೀರಿ. ದಿನ ಬರೀದಿದ್ರೆ ಇದು ನಡೆಯಲ್ಲ" ಅಂದ. ನಡೆಯದಿದ್ದರೆ ಬೇಡ ಎಂದು ಮಡಿಚಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಅವನ ನಲವತ್ತನೆಯ ದಿನದ ಪ್ರಾರ್ಥನೆಗೆ ನಾನು, ರೂಜಿತ್ಸ, ದುನ್ಯಾ ಮೂವರೂ ಹೊರಡುತ್ತಿದ್ದೇವೆ. ರೂಜಿತ್ಸ ಗೋಧಿಯನ್ನು ಇಲ್ಲಿಂದಲೇ ಬೇಯಿಸಿ ತರುತ್ತಾಳೆ. ದುನ್ಯಾ ಆ ಒಣಗಿದ ಹಣ್ಣನ್ನೂ ಚೀಲದಲ್ಲಿಟ್ಟುಕೊಂಡಿದ್ದಾಳೆ. ಈ ಪಾಸ್‌ಪೋರ್ಟಿಗೆ ಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಆ ಹಾಳೆಯನ್ನು ಅವನ ಹತ್ತಿರ ಇಟ್ಟು ಬರುತ್ತೇನೆ. ಮುಂದಿನ ಅಕ್ಟೋಬರ್ 31ಕ್ಕೆ ಅವನ ಕುರ್ಚಿ ಹಾಕಿರುತ್ತೇನೆ, ನಾನು ನಿಂತಿರುತ್ತೇನೆ.

ನೀವು ಕರೆಯಲಿಲ್ಲ. ಬರುತ್ತಿದ್ದೇವೆ.

ನಿಮ್ಮ
ತಿಹೋಮಿರ್